ತವರಿನಿಂದ ತಂದ ಬಳ್ಳಿ

ಐವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಬಂಗಾರಪೇಟೆ ಪಕ್ಕದ ಹಳ್ಳಿಗೆ ಬರುವಾಗ ಚಿನ್ನದ ಗಣಿಯ ನಮ್ಮೂರು ಊರಿಗಾಂನಿಂದ ನಾನು ತಂದದ್ದು ಒಂದು ಟ್ರಂಕು ಮತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಳ್ಳಿಯ ತುಂಡು. ಅಪ್ಪ ಗಣಿ ಸಾಹೇಬರೊಬ್ಬರ ಬಂಗಲೆಯಲ್ಲಿ ಮಾಲಿ. ಅಲ್ಲಿ ಗೇಟಿನ ಮೇಲೆ ಹಬ್ಬಿದ್ದ ನೇರಳೆ ಹೂವಿಗೆ ನಾನು ಮರುಳಾಗಿದ್ದೆ. ಅದರ ಹೆಸರು ಅಪ್ಪನಿಗೂ ಗೊತ್ತಿರಲಿಲ್ಲ. ರೈಲು ಹತ್ತಿಸುವಾಗ ಮಾತ್ರ ಹೇಳಿದ: "ಇದನ್ನ ಮುಟ್ಟಿದ್ರೆ ಕೈ ತೊಳ್ಕೋಮ್ಮ. ಮುರಿದ್ರೆ ಒಸರೋ ಆ ಆಲು ಬಾಯಿಗೆ ಓಗಬಾರ್ದು."

ಆ ಮಾತಿನ ಬಗ್ಗೆ ಅತ್ತೆಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಕಿತ್ತೆಸೆದುಬಿಟ್ಟಾರು ಎಂಬ ಭಯ. ಹೊಸ ಊರಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಳ್ಳಿ ಬೇಲಿಯನ್ನು ನುಂಗಿ, ಬೇವಿನ ಮರ ಹತ್ತಿ, ಪಕ್ಕದವರ ಹಿತ್ತಲಿಗೂ ಇಳಿಯಿತು. ಯಜಮಾನರು ಮಚ್ಚು ಹಿಡಿದು ಕಡಿದಷ್ಟೂ ಚಿಗುರುತ್ತಿತ್ತು. ನಾನೋ, ತವರಿನ ಗಿಡದ ಗತ್ತು ನೋಡಿ ಎಂದು ಬೀಗುತ್ತಿದ್ದೆ.

ಆ ವರ್ಷ ಮನೆಯ ಒಂದೇ ಹಸು ಕರು ಹಾಕಿತು. ಮುರಿದರೆ ಹಾಲು ಒಸರುವ ಸೊಪ್ಪು ತಿನ್ನಿಸಿದರೆ ಹಸುವಿನ ಕೆಚ್ಚಲು ತುಂಬುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೆಂದೇ ಹೊಲದ ಬದುಗಳಿಂದ ಹಾಲೆಸೊಪ್ಪು ತರುತ್ತಿದ್ದರು. ಒಂದು ಬೆಳಿಗ್ಗೆ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಹಸು ನೆಲ ಹಿಡಿದಿತ್ತು. ಮೈ ನಡುಗುತ್ತಿತ್ತು, ಏದುಸಿರು. ಅತ್ತೆ ಪಕ್ಕದಲ್ಲಿ ಕೂತು ಅದರ ಬಾಯಿಗೆ ಸೊಪ್ಪು ಒತ್ತುತ್ತಿದ್ದರು. "ತಿನ್ನವ್ವಾ, ಆಲೆಸೊಪ್ಪು ಕಣೆ, ತ್ರಾಣ ಬತ್ತದೆ."

ಎಲೆಯ ಹೊಳಪು ಕಂಡೊಡನೆ ನನಗೆ ಗುರುತು ಸಿಕ್ಕಿತು. ಅದು ನನ್ನ ಬಳ್ಳಿ; ಮುರಿದಲ್ಲಿ ಹಾಲು ಕಂಡು ಅತ್ತೆ ಹಾಲೆಸೊಪ್ಪು ಎಂದುಕೊಂಡಿದ್ದರು. "ಸಾಕು ಬಿಡಿ ಅತ್ತೆ" ಎಂದು ಸೊಪ್ಪನ್ನು ಕಿತ್ತುಕೊಂಡೆ. ಯಾಕೆಂದು ಮಾತ್ರ ಹೇಳಲಿಲ್ಲ.

ಯಜಮಾನರು ಸೈಕಲ್ ತುಳಿದು ಹೋಗಿ ದನದ ಡಾಕ್ಟರನ್ನು ಕರೆತಂದರು. ಅಷ್ಟರಲ್ಲಿ ಒಂದು ತಾಸು ಹೋಯಿತು. ಆ ತಾಸೆಲ್ಲ ನಾನು ಹೇಡಿಯ ಹಾಗೆ ಕಂಬಕ್ಕೆ ಅಂಟಿ ನಿಂತಿದ್ದೆ.

"ಏನು ತಿಂತು?" ಡಾಕ್ಟರು ಕೇಳಿದರು.

"ಆಲೆಸೊಪ್ಪು ಸ್ವಾಮಿ" ಎಂದರು ಅತ್ತೆ.

"ಅದನ್ನ ತಿಂದ್ರೆ ಹೀಗಾಗಲ್ಲವಲ್ಲ."

ಇನ್ನು ತಡೆಯಲಾಗಲಿಲ್ಲ. ಬೇಲಿಯತ್ತ ಕೈ ತೋರಿಸಿ ಎಲ್ಲವನ್ನೂ ಹೇಳಿಬಿಟ್ಟೆ, ಅಪ್ಪನ ಮಾತನ್ನೂ ಸೇರಿಸಿ. ಡಾಕ್ಟರು ಕಡ್ಡಿಯೊಂದನ್ನು ಮುರಿದು ನೋಡಿದರು. "ರಬ್ಬರು ಬಳ್ಳಿ ಇದು. ಗುಂಡಿಗೆಯನ್ನೇ ಹಿಡಿಯುವ ವಿಷ. ಹಸುವನ್ನ ಅಲ್ಲಾಡಿಸಬೇಡಿ" ಎಂದರು. ಸೂಜಿ ಚುಚ್ಚಿದರು, ಆದರೆ ನಮ್ಮ ಮುಖ ನೋಡಲಿಲ್ಲ.

ಹೊತ್ತು ಇಳಿಯುವ ಮುಂಚೆ ಹಸು ಸತ್ತಿತು. ಕರು ಇನ್ನೂ ಕೆಚ್ಚಲಿಗೆ ಬಾಯಿ ಹಾಕಲು ನೋಡುತ್ತಿತ್ತು. ಯಜಮಾನರು ಅದನ್ನು ಎತ್ತಿಕೊಂಡು ದೂರ ಹೋದರು.

ಅತ್ತೆ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಎದ್ದು ಬಂದು ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋದರು. "ನೀನೂ ಮುಟ್ಟಿದ್ದೀಯಲ್ಲ ಕಣಮ್ಮಾ, ಮೊದ್ಲು ಕೈ ತೊಳ್ಕೊ" ಎಂದು ಚೊಂಬಿನಲ್ಲಿ ನೀರು ಹುಯ್ದರು.

ಬೆಳಿಗ್ಗೆಯಿಂದ ಆ ಸೊಪ್ಪು ಹಿಡಿದಿದ್ದ ತಮ್ಮ ಕೈಗಳನ್ನು ಅವರು ಇನ್ನೂ ತೊಳೆದಿರಲಿಲ್ಲ.