ಸಾವಿರದಲ್ಲಿ ಒಂದು ಪಾಲು

ರಾಷ್ಟ್ರಪತಿ ಚುನಾವಣೆಯ ದಿನ ಐಗಳಿಯ ದ್ರಾಕ್ಷಿ ಬೆಳೆಗಾರ ಲಗಮಣ್ಣಕಾಕಾ ನಸುಕಿನಲ್ಲೇ ಮಿಂದು, ಇಸ್ತ್ರಿ ಮಾಡಿದ ಧೋತರ ಉಟ್ಟು, ತಮ್ಮ ಬೆರಳಿಗೆ ತಾವೇ ಶಾಯಿ ಹಚ್ಚಿಕೊಂಡು ಚಹಾದಂಗಡಿಗೆ ಬರುತ್ತಾರೆ. "ಓಟು ಹಾಕೋರು ಶಾಸಕರು, ನಿಮ್ಮದೇನ್ರಿ ಕಾಕಾ ಗಡಿಬಿಡಿ?" ಎಂದು ಯಾರಾದರೂ ಕೆಣಕಿದರೆ ಸಾಕು. "ಶಾಸಕರ ಓಟಿನ ಕಿಮ್ಮತ್ತು ಇವತ್ತಿಗೂ ಎಪ್ಪತ್ತೊಂದರ ಜನಗಣತಿ ಮ್ಯಾಲ ನಿಂತೈತಿ, ಸಾವಿರ ಮಂದಿಗೆ ಒಂದು ಓಟಿನ ಲೆಕ್ಕ. ಆ ಸಾವಿರದಾಗ ನಾನೂ ಅದೀನಲೇ!" ಮದುವೆಯೊಂದರಲ್ಲಿ ಸಿಕ್ಕ ಶಾಸಕರಿಗೂ "ಸಾಹೇಬ್ರ, ನನ್ನ ಪಾಲು ಜ್ವಾಕಿರಿ" ಎಂದವರು ಅವರು. ಕಳೆದ ಸಲ ನೋಡಿದರೆ ಶಾಯಿ ಎರಡು ಬೆರಳಿಗಿತ್ತು. "ಇನ್ನೊಂದು ಯಾರದ್ರಿ?" ಎಂದೆ. ಕಾಕಾ ದನಿ ತಗ್ಗಿಸಿದರು. "ನನ್ನ ತಂಗಿ ಬಾಳವ್ವಂದು. ಆ ಗಣತಿಯಾಗ ಆಕಿನ್ನೂ ಎಣಿಸಿದ್ರು, ಅದ ವರ್ಷ ತೀರಿಕೊಂಡ್ಲು, ಮೂರು ವರ್ಷದಾಕಿ. ಒಂದು ಫೋಟೋನೂ ಇಲ್ಲ. ಐದು ವರ್ಷಕ್ಕೊಮ್ಮೆ ಇದೊಂದರಾಗ ಆಕಿನ್ನ ಇನ್ನೂ ಎಣಿಸ್ತಾರ ನೋಡ ಮಗಳ."