ನನ್ನ ಮಗಳಿಗೆ ಉಣ್ಣಲು ಕಲಿಸಿದವರು

ಪುಟ್ಟತಾಯಮ್ಮ ಊಟಕ್ಕೆ ಕೂತರೆ ಇಡೀ ವಠಾರಕ್ಕೆ ಕೇಳಿಸುತ್ತಿತ್ತು. ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ತೊಡೆಯ ಪಕ್ಕ ತಟ್ಟೆ ಇಟ್ಟುಕೊಂಡು, ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದು ಗಂಟಲಿಳಿಯುವುದು ಎದುರು ಮನೆಯ ನಮಗೆ ಕಾಣುತ್ತಿತ್ತು. ಕೊನೆಗೆ ತಟ್ಟೆ ಎತ್ತಿ ಸೊರ್ ಎಂದು ಸಾರು ಕುಡಿದು, ಅಂಗೈ ನೆಕ್ಕಿ, ದಾರಿಯಲ್ಲಿ ಹೋಗುವವರನ್ನು "ಊಟ ಆಯ್ತಾ?" ಎಂದು ವಿಚಾರಿಸುತ್ತಿದ್ದರು.

ನನ್ನ ತವರು ಕುಂದಾಣದ ಕಡೆ ಹೆಂಗಸೊಬ್ಬಳು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ. ನಮ್ಮಮ್ಮ ಎಲ್ಲರದೂ ಆದ ಮೇಲೆ ಒಲೆಯ ಕಡೆ ಮುಖ ಮಾಡಿ ಕೂತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಸದ್ದಿಲ್ಲದೆ ಮುಗಿಸುತ್ತಿದ್ದಳು. ನಾನೂ ಅದನ್ನೇ ಕಲಿತವಳು. ಒಂದು ಭಾನುವಾರ ತಡೆಯಲಾರದೆ ಅಂದುಬಿಟ್ಟೆ.

"ಒಳಗೆ ಕೂತು ಉಣ್ಣಬಾರ್ದಾ ಪುಟ್ಟತಾಯಮ್ಮ? ಹೋಗೋರು ಬರೋರು ನೋಡ್ತಾರೆ."

"ನೋಡ್ಲಿ ಬಿಡವ್ವ. ಹೊಟ್ಟೆ ಕೇಳ್ತದೆ, ನಾನು ಕೊಡ್ತೀನಿ. ನಮ್ಮಿಬ್ಬರ ಮಧ್ಯೆ ಅವರದೇನು?"

ಅವರು ಅನುಗೊಂಡನಹಳ್ಳಿಯವರು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ದೊಡ್ಡಬಳ್ಳಾಪುರಕ್ಕೆ ಬಂದು, ಮಗ್ಗದ ಮನೆಗಳಿಗೆ ನೂಲು ಸುತ್ತಿಕೊಟ್ಟು ಜೀವನ ಮಾಡುತ್ತಿದ್ದರು. ಅರವತ್ತು ದಾಟಿತ್ತು. ಕುಳ್ಳು, ಅಗಲ, ತೋಳುಗಳಂತೂ ಗಂಡಸಿನವು. ಸುತ್ತುವಾಗ ಎಳೆ ಕಡಿದರೆ ಎಲ್ಲರೂ ಬೈಯುತ್ತಾರೆ. ಇವರು "ಎಲ್ಲೋದ್ಯೇ ನನ್ ಚಿನ್ನ, ಬಾ ಬಾ" ಎಂದು ಹುಡುಕಿ ಗಂಟು ಹಾಕುತ್ತಿದ್ದರು. ನನ್ನ ಮಗಳು ಮೊದಲು ಅವರ ಹತ್ತಿರ ಹೋಗಿ ಕೂತದ್ದು ಆ ಮಾತು ಕೇಳುವುದಕ್ಕೇ ಇರಬೇಕು.

ನನ್ನ ಮಗಳು ಸಿಂಚನ ಆಗ ಒಂಬತ್ತನೇ ಕ್ಲಾಸು. ನಾನು ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುವವಳು. ಗಂಡ ಗೂಡ್ಸ್ ಗಾಡಿ ಓಡಿಸುತ್ತಾರೆ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ ಇರುವುದಿಲ್ಲ. ಇಬ್ಬರೂ ದುಡಿದು ಅವಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದೆವು. ಬೆಳಿಗ್ಗೆ ಐದಕ್ಕೆದ್ದು ಚಿತ್ರಾನ್ನವೋ ಟೊಮೆಟೊ ಬಾತೋ ಮಾಡಿ ಅವಳ ಡಬ್ಬಿಗೆ ಹಾಕಿ ವ್ಯಾನ್ ಹತ್ತುತ್ತಿದ್ದೆ. ಸಂಜೆ ಬಂದು ನೋಡಿದರೆ ಡಬ್ಬಿಯಲ್ಲಿ ಅರ್ಧ ಹಾಗೇ ಇರುತ್ತಿತ್ತು. ಬೈದು, ದಂಡವಾಗಬಾರದೆಂದು ನಾನೇ ತಿನ್ನುತ್ತಿದ್ದೆ. ಎಷ್ಟೋ ದಿನ ನನ್ನ ಸಂಜೆಯ ಊಟ ಅದೇ.

ಒಂದು ದಿನ ಶಾಲೆಗೆ ಡಾಕ್ಟರು ಬಂದು ಮಕ್ಕಳ ತೂಕ ನೋಡಿದರು. ಸಿಂಚನ ತಂದ ಚೀಟಿಯಲ್ಲಿ ವಯಸ್ಸಿಗೆ ತಕ್ಕ ತೂಕವಿಲ್ಲ, ರಕ್ತ ಕಡಿಮೆ, ಪೌಷ್ಟಿಕ ಆಹಾರ ಕೊಡಿ ಎಂದು ಬರೆದಿತ್ತು. ಊಟಕ್ಕಿಲ್ಲದ ಮನೆಯ ಮಕ್ಕಳಿಗೆ ಕೊಡುವ ಚೀಟಿ ಅದು ಎಂದು ನಾನು ತಿಳಿದಿದ್ದೆ. ಚೀಟಿಯನ್ನು ಗಂಡನಿಗೂ ತೋರಿಸದೆ ಮಡಚಿ ಬೀರುವಿನಲ್ಲಿಟ್ಟೆ. ಹಾಲಿಗೆ ಹಾಕುವ ಪುಡಿ ತಂದೆ, ಸೇಬು ತಂದೆ, ಖರ್ಜೂರ ತಂದೆ. ಅವಳು ಎರಡು ದಿನ ತಿಂದು ಮೂರನೆಯ ದಿನ "ಸಾಕಮ್ಮ, ಹಸಿವಿಲ್ಲ" ಅಂದಳು.

ಅದೇ ವಾರ ಫ್ಯಾಕ್ಟರಿಯಲ್ಲಿ ಕರೆಂಟು ಹೋಗಿ ನಮ್ಮನ್ನು ಬೇಗ ಬಿಟ್ಟರು. ವಠಾರದ ಗೇಟು ದಾಟುತ್ತಿದ್ದಂತೆ ಸೊರ್ ಎಂಬ ಸದ್ದು ಕೇಳಿತು. ಪುಟ್ಟತಾಯಮ್ಮನ ಸದ್ದಲ್ಲ ಅದು. ಆ ಚಪ್ಪಡಿಯ ಮೇಲೆ, ಅವರ ಪಕ್ಕ, ಯೂನಿಫಾರಮ್ಮಿನಲ್ಲೇ ಕೂತು ನನ್ನ ಮಗಳು ತಟ್ಟೆ ಎತ್ತಿ ಹುರುಳಿಕಾಳಿನ ಸಾರು ಕುಡಿಯುತ್ತಿದ್ದಳು. ಮೊಣಕೈವರೆಗೆ ಸಾರು ಇಳಿದಿತ್ತು. ಇಬ್ಬರೂ ಏನಕ್ಕೋ ನಗುತ್ತಿದ್ದರು.

ಮಗಳು ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ ಎಂದು ತಾಯಿಗೆ ಸಂತೋಷವಾಗಬೇಕು. ನನಗೆ ಮೈಯೆಲ್ಲ ಉರಿಯಿತು.

"ನಮ್ಮನೇಲಿ ಊಟ ಇಲ್ವೇನೇ? ಏಳು ಮೇಲೆ!"

ಸಿಂಚನ ಹೆದರಿ ಎದ್ದಳು. ಪುಟ್ಟತಾಯಮ್ಮ "ಕೈ ತೊಳ್ಕೊಂಡು ಹೋಗು ಅಮ್ಮಣ್ಣಿ" ಎಂದು ಚೊಂಬು ಮುಂದೆ ಮಾಡಿದರು.

ಇನ್ನು ಮೇಲೆ ಆ ಮನೆಗೆ ಕಾಲಿಡಕೂಡದು ಎಂದೆ. ಮರುದಿನ ಹುರುಳಿಕಾಳು ತಂದು ನಾನೂ ಅದೇ ಸಾರು ಮಾಡಿದೆ. ಬೆಳ್ಳುಳ್ಳಿ ಸುಟ್ಟು ಹಾಕಿ, ಹೊಸ ಹುಣಸೆಹಣ್ಣು ಹಿಂಡಿ, ತುಪ್ಪದ ಒಗ್ಗರಣೆ ಕೊಟ್ಟೆ. ಸಿಂಚನ ಎರಡು ತುತ್ತು ತಿಂದು ಕೈ ತೊಳೆದಳು. ಆಮೇಲೊಮ್ಮೆ ಪುಟ್ಟತಾಯಮ್ಮ ಏನೂ ಆಗದವರಂತೆ ಒಂದು ಬಟ್ಟಲು ಬಸ್ಸಾರು ತಂದುಕೊಟ್ಟರು. ಮನೆಯಲ್ಲಿ ಯಾರೂ ಇರಲಿಲ್ಲ. ಬೆರಳದ್ದಿ ರುಚಿ ನೋಡಿದೆ. ಉಪ್ಪು ಜಾಸ್ತಿ, ಖಾರ ಕಡಿಮೆ, ಸೊಪ್ಪು ಸರಿಯಾಗಿ ಬೆಂದಿರಲಿಲ್ಲ. ನನ್ನ ಸಾರು ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅದು ಖಾತ್ರಿಯಾದ ಮೇಲೆ ನನ್ನ ಸಂಕಟ ಇನ್ನೂ ಹೆಚ್ಚಿತು. ರುಚಿಯಲ್ಲಿ ಸೋತಿದ್ದರೆ ಕಲಿಯಬಹುದಿತ್ತು. ಬಟ್ಟಲನ್ನು ಮೋರಿಗೆ ಬಗ್ಗಿಸಿದೆ.

ಸಿಂಚನ ನನ್ನ ಮಾತು ಮೀರಲಿಲ್ಲ. ಎದುರು ಮನೆಗೆ ಹೋಗುವುದನ್ನು ಬಿಟ್ಟಳು. ಇಪ್ಪತ್ತು ದಿನದ ಮೇಲೆ, ಬೆಳಗಿನ ಪ್ರಾರ್ಥನೆಯಲ್ಲಿ ನಿಂತಿದ್ದವಳು ಬಿದ್ದಳು.

ನಮ್ಮ ಫೋನುಗಳನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಊಟದ ಬಿಡುವಿನಲ್ಲಿ ನೋಡಿದಾಗ ಶಾಲೆಯಿಂದ ಎಂಟು ಕಾಲ್ ಬಂದಿದ್ದವು. ಆಟೋ ಹಿಡಿದು ಸರ್ಕಾರಿ ಆಸ್ಪತ್ರೆಗೆ ಓಡಿದೆ. ಮಗಳು ಗ್ಲೂಕೋಸ್ ಹಾಕಿಸಿಕೊಂಡು ನಿದ್ದೆ ಮಾಡುತ್ತಿದ್ದಳು. ಅವಳ ಇನ್ನೊಂದು ಕೈ ಪುಟ್ಟತಾಯಮ್ಮನ ಅಂಗೈಯಲ್ಲಿತ್ತು.

"ನೀವ್ಯಾರು?" ಎಂದು ನರ್ಸ್ ನನ್ನನ್ನು ಕೇಳಿದಳು. "ಇವರಜ್ಜಿ ಬಂದಿದ್ದಾರಲ್ಲ."

ಎಚ್ಚರ ಬಂದಾಗ ಟೀಚರಿಗೆ ಅವಳೇ ಹೇಳಿದ್ದಳಂತೆ, ಅಮ್ಮ ಸಿಗಲ್ಲ, ನಮ್ಮಜ್ಜಿ ಮನೇಲಿದ್ದಾರೆ ಅಂತ. ನಾನು ಪುಟ್ಟತಾಯಮ್ಮನನ್ನು ವಾರ್ಡಿನಿಂದ ಹೊರಗೆ ಕರೆದೆ. ಜನ ನೋಡುತ್ತಿದ್ದರೂ ನನ್ನ ಬಾಯಿ ನಿಲ್ಲಲಿಲ್ಲ.

"ನಿಮಗೆ ಮಕ್ಕಳಿಲ್ಲ ಅಂತ ನನ್ ಮಗಳನ್ನ ಕಿತ್ಕೊಂಡ್ರಲ್ಲ! ಏನ್ ಮಾಡಿಟ್ಟಿದ್ದೀರಾ ಅವಳಿಗೆ? ನಾನು ಇಕ್ಕಿದ್ರೆ ಇಳಿಯಲ್ಲ, ನೀವಿಕ್ಕಿದ್ರೆ ತಟ್ಟೆ ಎತ್ತಿ ಕುಡೀತಾಳೆ!"

ಮಕ್ಕಳಿಲ್ಲ ಎಂದಾಗ ಅವರ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

"ನಾನೂ ಕೇಳ್ದೆ ಕಣವ್ವ ಅವಳನ್ನ, ನಿಮ್ಮಮ್ಮ ಇಷ್ಟೊಂದ್ ಮಾಡ್ತಾಳೆ, ಯಾಕೆ ಉಣ್ಣಲ್ಲ ಅಂತ. ಏನಂದ್ಲು ಗೊತ್ತಾ? 'ನಾನು ಪೂರ್ತಿ ತಿಂದ್ರೆ ಅಮ್ಮನಿಗೆ ಏನಿರ್ತದೆ ಅಜ್ಜಿ? ಡಬ್ಬಿಯಲ್ಲಿ ಉಳಿದ್ರೆ ಅವಳು ಅಷ್ಟಾದ್ರೂ ತಿಂತಾಳೆ' ಅಂದ್ಲು. ನೀನು ತಟ್ಟೆ ಹಾಕ್ಕೊಂಡು ಕೂತು ಉಂಡಿದ್ದನ್ನ ಆ ಮಗು ಒಂದ್ ದಿನ ನೋಡಿಲ್ಲ ಮಂಜುಳ. ನಮ್ಮನೇದು ಉಂಡ್ರೆ ನಿಂಗೆ ಕಮ್ಮಿ ಆಗಲ್ವಲ್ಲ. ಅದಕ್ಕೇ ಇಳೀತಿತ್ತು."

ನಾನು ಗೋಡೆಗೊರಗಿ ಅಲ್ಲೇ ಕೂತೆ. ಆ ಗಳಿಗೆಯಲ್ಲೂ ನನ್ನ ಮನಸ್ಸಿಗೆ ಚುಚ್ಚಿದ್ದು ಏನೆಂದರೆ, ಈ ಮಾತನ್ನು ಅವಳು ನನ್ನ ಹತ್ತಿರ ಹೇಳದೆ ಅವರ ಹತ್ತಿರ ಹೇಳಿದ್ದಾಳಲ್ಲ ಎಂಬುದು.

ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆಯನ್ನೂ ಎಳೆದು ನೋಡಿದರು. "ನಿಮಗೆಷ್ಟಿದೆ ರಕ್ತ? ಯಾವತ್ತಾದ್ರೂ ಟೆಸ್ಟ್ ಮಾಡಿಸಿದ್ದೀರಾ?" ಎಂದು ಗದರಿ, ತಾಯಿಗೂ ಮಗಳಿಗೂ ಒಂದೇ ಮಾತ್ರೆ ಬರೆದರು. ಮೊಟ್ಟೆ, ಕಾಳು, ಸೊಪ್ಪು ದಿನಾ ಇರಬೇಕು, ಇಬ್ಬರೂ ತಿನ್ನಬೇಕು ಅಂದರು.

ಅಂದಿನಿಂದ ನಾನು ಮಗಳ ಎದುರು ಕೂತು ಉಣ್ಣತೊಡಗಿದೆ. ಹೇಳುವಷ್ಟು ಸುಲಭವಲ್ಲ ಅದು. ನನ್ನ ತಟ್ಟೆಗೆ ಇಡೀ ಮೊಟ್ಟೆ ಹಾಕಿಕೊಳ್ಳುವಾಗ ಕಳ್ಳತನ ಮಾಡಿದಂತೆ ಅನ್ನಿಸುತ್ತಿತ್ತು. ಸಿಂಚನ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಬಾಯಿಗಿಟ್ಟರೆ ಅವಳೂ ಇಡುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕೆನ್ನೆಯ ಗುಳಿ ತುಂಬಿಕೊಂಡಿತು. ಯೂನಿಫಾರಮ್ಮಿನ ಹೊಲಿಗೆ ನಾನೇ ಬಿಚ್ಚಿ ಅಗಲ ಮಾಡಿದೆ.

ಪುಟ್ಟತಾಯಮ್ಮನ ಮನೆಗೆ ಹೋಗಬೇಡ ಎಂದು ಮತ್ತೆ ಹೇಳಲಿಲ್ಲ. ಆದರೆ ಅಜ್ಜಿ ಹಾಗಂದ್ರು, ಅಜ್ಜಿ ಹೀಗಂದ್ರು ಎಂದು ಅವಳು ಶುರು ಮಾಡಿದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಸಿಂಚನ ಹತ್ತನೇ ಕ್ಲಾಸಿಗೆ ಬಂದ ವರ್ಷ ಪುಟ್ಟತಾಯಮ್ಮನಿಗೆ ಮಂಡಿ ನೋವು ಹೆಚ್ಚಾಯಿತು. ಅವರ ತಮ್ಮ ಊರಿಗೆ ಬಂದು ಇರು ಅಂದ. ಒಂದು ಗುರುವಾರ ಮಧ್ಯಾಹ್ನ ಟೆಂಪೊ ಬಂತು. ನಾನು ಅವತ್ತು ರಜ ಹಾಕಿದ್ದೆ. ಸಾಮಾನೆಲ್ಲ ಏರಿಸಿಯಾಗಿತ್ತು. ಪುಟ್ಟತಾಯಮ್ಮ ಡ್ರೈವರಿಗೆ ಸ್ವಲ್ಪ ಇರಪ್ಪ ಎಂದು ಹೇಳಿ ನನ್ನ ಬಾಗಿಲಿಗೆ ಬಂದರು.

"ಅಮ್ಮಣ್ಣಿ ಎಷ್ಟೊತ್ತಿಗೆ ಬರ್ತಾಳೆ? ಒಂದ್ ಮುಖ ನೋಡ್ಕೊಂಡು ಹೋಗ್ತೀನಿ."

ಅವಳು ಬರಲು ಅರ್ಧ ಗಂಟೆಯೂ ಇರಲಿಲ್ಲ. ಅವರನ್ನು ತಬ್ಬಿ ಅವಳು ಅಳುವುದು ನನ್ನ ಕಣ್ಣ ಮುಂದೆ ಬಂತು. ನನಗಾಗಿ ಅವಳು ಹಾಗೆ ಎಂದೂ ಅತ್ತಿರಲಿಲ್ಲ.

"ಇವತ್ತು ಸ್ಪೆಷಲ್ ಕ್ಲಾಸ್ ಇದೆ. ಬರೋದು ಆರೂವರೆ ಆಗ್ತದೆ" ಎಂದೆ.

ಅವರು ನನ್ನ ಮುಖವನ್ನು ನೋಡಿದರು. ಆಮೇಲೆ ನಿಧಾನಕ್ಕೆ ಹೋಗಿ, ಡ್ರೈವರ್ ಕೈ ಹಿಡಿದು ಟೆಂಪೊ ಹತ್ತಿ ಕೂತರು. ನಾನು ಸೌಜನ್ಯಕ್ಕೆ ಗಾಡಿಯವರೆಗೂ ಹೋದೆ. ಅವರು ಕಿಟಕಿಯಿಂದ ಬಗ್ಗಿ ನನ್ನ ಕೆನ್ನೆ ಮುಟ್ಟಿದರು.

"ಕ್ಲಾಸಿಲ್ಲ ಅಂತ ಬೆಳಿಗ್ಗೆನೇ ಹೇಳಿ ಹೋದ್ಲು ಕಣವ್ವ. ಇರ್ಲಿ ಬಿಡು. ನಿನ್ನ ಮಗಳು. ಬರ್ತೀನಿ."

ಟೆಂಪೊ ತಿರುವಿನಲ್ಲಿ ಮರೆಯಾದ ಸ್ವಲ್ಪ ಹೊತ್ತಿಗೆ ಸಿಂಚನ ಓಡಿ ಬಂದಳು. ಬೀಗ ನೋಡಿ ನಿಂತಳು. "ಅಜ್ಜಿ ಕಾಯ್ಲಿಲ್ವಾ?" ಅಂದಳು. "ಅವಸರ ಇತ್ತಂತೆ" ಅಂದೆ. ಅಜ್ಜಿ ಮೋಸ ಮಾಡಿದ್ರು ಎಂದು ಅವಳು ಮುನಿಸಿಕೊಂಡಳು. ಒಂದು ವರ್ಷ ಅವರ ಹೆಸರೆತ್ತಲಿಲ್ಲ. ನನಗೆ ಅದರಿಂದ ಸುಖವೇ ಆಗಿತ್ತು, ಸುಳ್ಳೇಕೆ ಹೇಳಲಿ.

ಈಗ ಅವಳು ಪಿಯುಸಿ. ಹೋದ ತಿಂಗಳು, ಏನೋ ಮಾತಿಗೆ ಮಾತು ಬಂದು, ಅವತ್ತು ಅಜ್ಜಿಗೆ ಹೇಳಿದ ಸುಳ್ಳನ್ನು ಹೇಳಿಬಿಟ್ಟೆ. ಸಿಂಚನ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ತಲೆ ಬಾಚಿಕೊಂಡು, ಅನುಗೊಂಡನಹಳ್ಳಿಗೆ ಹೋಗಿ ಬರ್ತೀನಿ ಎಂದು ಹೊರಟಳು. ನೀನೂ ಬಾ ಅನ್ನಲಿಲ್ಲ.

ಸಂಜೆ ಬಂದವಳ ಕಣ್ಣು ಊದಿಕೊಂಡಿತ್ತು, ಮುಖ ಮಾತ್ರ ಗೆಲುವಾಗಿತ್ತು.

"ಹೆಂಗಿದ್ದಾರೆ? ಏನಂದ್ರು?"

"ನಿಮ್ಮಮ್ಮ ಹೆಂಗವಳೆ ಅಂತ ಕೇಳಿದ್ರು."

"ಮತ್ತೆ?"

"ಮತ್ತೆ ನಾವು ಏನೇನೋ ಮಾತಾಡಿದ್ವಿ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು. ಇಡೀ ದಿನ ಇಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಬಾಗಿಲಲ್ಲೇ ತುಂಬ ಹೊತ್ತು ನಿಂತಿದ್ದೆ.