ಮೇಲಿನ ಮನೆಯ ಹೆಬ್ಬಾವು

ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗಲೆಲ್ಲ ಆಂಟಿಯ ದಪ್ಪ ಕನ್ನಡಕಕ್ಕೆ ಹಬೆ ಹಿಡಿಯುತ್ತಿತ್ತು. ಒರೆಸಿಕೊಳ್ಳದೆ ಹಾಗೇ ಒಳಗೆ ಕೈಯಿಟ್ಟು, ಹಾಸಿದ್ದ ತೆಂಗಿನ ನಾರಿನ ಪುಡಿಯನ್ನು ಹಿಂಡಿ ನೋಡುತ್ತಿದ್ದರು. "ಉಂಡಿ ಆಗಬೇಕು, ನೀರು ಇಳೀಬಾರದು."

ಚೆನ್ನೈನ ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯ ಆಂಟಿ ಅವರು. ಧಾರವಾಡದ ಕಡೆಯವರು, ವಿಮಾ ಕಚೇರಿಯಿಂದ ನಿವೃತ್ತರು, ಒಂಟಿ. ಪೆಟ್ಟಿಗೆಯಲ್ಲಿದ್ದದ್ದು ಆಫ್ರಿಕಾ ಮೂಲದ ಪುಟ್ಟ ಹೆಬ್ಬಾವು. ಕಾಗದಪತ್ರವೆಲ್ಲ ಸರಿಯಿತ್ತು, ಆದರೂ ನೆರೆಯವರು ಆ ಮನೆಯ ಕಡೆ ಸುಳಿಯುತ್ತಿರಲಿಲ್ಲ. ನಾನು ಮಾತ್ರ ಚಹಾಕ್ಕೆ, ನಾಲ್ಕು ಮಾತು ಕನ್ನಡಕ್ಕೆ ಹೋಗುತ್ತಿದ್ದೆ.

ಒಮ್ಮೆ ಹಾವು ಕಳಚಿದ ಪೊರೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡು. "ಕಣ್ಣಿನ ಮ್ಯಾಲಿಂದೂ ಬಂದದ ನೋಡು. ಗಾಳ್ಯಾಗ ತೇವ ಸಾಲದಿದ್ರ ಅಲ್ಲೇ ಅಂಟಿ ಕೂಡ್ತದ." ತಮ್ಮ ಬಗ್ಗೆ ಅವರು ಎಂದೂ ಅಷ್ಟು ಹೆಮ್ಮೆಯಿಂದ ಮಾತಾಡಿದ್ದಿಲ್ಲ.

ಮೊಣಕಾಲಿನ ಆಪರೇಷನ್‌ಗೆ ಹೊರಟಾಗ ಬೀಗದ ಕೈ ನನಗೆ ಕೊಟ್ಟರು. "ತೇವದ ಮೀಟರಿನ ಮುಳ್ಳು ಅರವತ್ತರ ಕೆಳಗ ಇಳೀಬಾರದು. ಆ ಖೋಲ್ಯಾಗ ಏಸಿ ಮಾತ್ರ ಹಚ್ಚಬ್ಯಾಡ, ಗಾಳಿ ಒಣಗ್ತದ."

"ನಾನ್ ಪಾತ್ಕೋತೀನಿ ಆಂಟಿ," ನೋಡಿಕೊಳ್ಳುತ್ತೇನೆ ಎನ್ನುವುದನ್ನು ತಮಿಳು ಬೆರೆತ ನನ್ನ ಮದ್ರಾಸು ಕನ್ನಡದಲ್ಲಿ ಹೇಳಿದೆ.

ಮೇ ತಿಂಗಳ ಸೆಕೆ. ನಮ್ಮ ಮನೆಯ ಏಸಿ ಕೆಟ್ಟಿತ್ತು. ಲ್ಯಾಪ್‌ಟಾಪ್ ಹಿಡಿದು ಹೋಗಿ ದಿನವಿಡೀ ಹಾವಿನ ಕೋಣೆಯಲ್ಲೇ ಏಸಿ ಹಾಕಿಕೊಂಡು ಕುಳಿತೆ. ಪೆಟ್ಟಿಗೆಯೊಳಗೆ ನೀರು ಚಿಮುಕಿಸುವುದು ಒಂದು ದಿನ ನೆನಪಾದರೆ ಎರಡು ದಿನ ಮರೆಯುತ್ತಿತ್ತು. ಆಸ್ಪತ್ರೆಯಿಂದ ದಿನಾ ಫೋನು: "ಮುಳ್ಳು ಎಷ್ಟಕ್ಕದ?"

ಮೂವತ್ತೈದಕ್ಕಿತ್ತು. "ಅರವತ್ತು, ಆಂಟಿ."

ಹಾವು ಪೊರೆ ಬಿಡತೊಡಗಿತು, ಚೂರುಚೂರಾಗಿ. ಎಡಗಣ್ಣಿನ ಮೇಲೆ ಒಣಗಿದ ಪದರ ಹಾಗೇ ಉಳಿಯಿತು. ಅವರು ಬರುವ ಮುನ್ನ ಸರಿಮಾಡಿಬಿಡುವ ಅವಸರದಲ್ಲಿ ಚಿಮಟದಿಂದ ಅದನ್ನು ಎಳೆದೆ. ರಕ್ತ ಬಂತು.

ವಾಕರ್ ಹಿಡಿದು ಬಂದವರು ಮೊದಲು ಮೀಟರಿನ ಮುಳ್ಳನ್ನು, ಆಮೇಲೆ ಹಾವಿನ ಕಣ್ಣನ್ನು ನೋಡಿದರು. ಬೈಯಲಿಲ್ಲ. "ಖರೇ ಹೇಳಿದ್ರ ಸಾಕಿತ್ತು. ಉಗುರುಬೆಚ್ಚಗಿನ ನೀರಾಗ ಬಿಡು ಅಂತಿದ್ದೆ, ಪೊರಿ ತಾನ ಬಿಡ್ತಿತ್ತು. ಯಾಕ ಸುಳ್ಳು ಹೇಳಿದಿ?"

ಕೈ ಚಾಚಿದರು. ಬೀಗದ ಕೈ ಕೊಟ್ಟು ಇಳಿದು ಬಂದೆ. ಆಮೇಲೆ ಅವರು ನನಗೆ ಬಾಗಿಲು ತೆರೆಯಲಿಲ್ಲ. ಹಾವಿನ ಆ ಕಣ್ಣು ಹೋಯಿತಂತೆ. ಹಾಕಿದ ಇಲಿಯನ್ನು ಮುಟ್ಟದೆ ಮಳೆಗಾಲದ ಹೊತ್ತಿಗೆ ಸತ್ತಿತೆಂದು ವಾಚ್‌ಮನ್ ಹೇಳಿದ.

ಹೋದ ವರ್ಷ ಆಂಟಿಯೂ ಹೃದಯಾಘಾತದಿಂದ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಅವರ ತಂಗಿ ಮೆಟ್ಟಿಲಲ್ಲಿ ನನ್ನನ್ನು ತಡೆದರು. "ಅಕ್ಕ ಆಸ್ಪತ್ರ್ಯಾಗಿದ್ದಾಗ ಹಾವು ನೋಡಿಕೊಂಡವರು ನೀವಲ್ಲೇನ್ರೀ? ಭಾಳ ಉಪಕಾರ ಆತ್ರಿ."

ನಡೆದದ್ದನ್ನು ಆಂಟಿ ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಕೈಮುಗಿದೆ.